ಬ್ರಿಟಿಷ್ ಕಾರಿಗೆ ಅಯಸ್ಕಾಂತ, ಅಮೆರಿಕನ್ ಕಾರಿಗೆ ಟಾರ್ಚು: 1960ರ ದಶಕದ ಸ್ಪೋರ್ಟ್ಸ್ ಕಾರುಗಳನ್ನು ಹೋಲಿಸಿ ಕೊಳ್ಳುವ ಕ್ರಮ

ಬ್ರಿಟನ್ನಿನ ಜಾಗ್ವಾರ್ ಇ-ಟೈಪ್ ಹೊರಬಂದದ್ದು 1961ರಲ್ಲಿ, ಅಮೆರಿಕದ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ ಬಂದದ್ದು 1963ರ ಮಾದರಿಯಾಗಿ. ಎರಡಕ್ಕೂ ಹಿಂದಿನ ಚಕ್ರಗಳಲ್ಲಿ ಸ್ವತಂತ್ರ ಸಸ್ಪೆನ್ಷನ್ ಇದೆ, ಎರಡೂ ಇಂದಿಗೂ ನೋಡಿದವರನ್ನು ನಿಲ್ಲಿಸುತ್ತವೆ. ಯಾವುದು ವೇಗ ಎಂಬ ವಾದ ಅಂದಿನಿಂದಲೂ ನಡೆದಿದೆ. ಆದರೆ ಕೊಳ್ಳಲು ಹೊರಟವರು ಮೊದಲು ತಿಳಿಯಬೇಕಾದದ್ದು, ಈ ಎರಡರಲ್ಲಿ ಹಣ ಮುಳುಗುವ ಜಾಗ ಬೇರೆ ಬೇರೆ ಎಂಬುದನ್ನು. ಬ್ರಿಟಿಷ್ ಕಾರಿನಲ್ಲಿ ತಗಡು ಕೊಳೆತಿದ್ದರೆ ಮುಳುಗುತ್ತದೆ. ಅಮೆರಿಕನ್ ಕಾರಿನಲ್ಲಿ ಎಂಜಿನ್ ಮೇಲಿನ ನಂಬರ್ ಸುಳ್ಳಾಗಿದ್ದರೆ ಮುಳುಗುತ್ತದೆ.

ಇದಕ್ಕೆ ಕಾರಣ ಆ ಕಂಪನಿಗಳು ಕಾರು ಮಾರಿದ ರೀತಿಯಲ್ಲೇ ಇದೆ. ಇ-ಟೈಪ್‌ನಲ್ಲಿ ಗಿರಾಕಿಗೆ ಎಂಜಿನ್ ಆಯ್ಕೆ ಹೆಚ್ಚುಕಡಿಮೆ ಇರಲೇ ಇಲ್ಲ. 1961ರಿಂದ 3.8 ಲೀಟರ್, 1964ರ ಕೊನೆಯಿಂದ 4.2 ಲೀಟರ್, 1971ರಿಂದ 5.3 ಲೀಟರ್ ವಿ12. ಹಾಗಾಗಿ ಎಂಜಿನ್ ನಂಬರ್ ತಿದ್ದಿ ಸಾಮಾನ್ಯ ಕಾರನ್ನು ದುಬಾರಿ ಕಾರಾಗಿಸುವ ಅವಕಾಶ ಕಡಿಮೆ. ಕಾರ್ವೆಟ್ ಹಾಗಲ್ಲ. 1963ರಲ್ಲಿ ಅದೇ ಬಾಡಿಯಲ್ಲಿ, ಅದೇ 327 ಘನ ಇಂಚಿನ ಎಂಜಿನ್ 250, 300, 340, 360 ಅಶ್ವಶಕ್ತಿ ಎಂದು ನಾಲ್ಕು ಬಗೆಯಲ್ಲಿ ಸಿಗುತ್ತಿತ್ತು. 1967ರ ಹೊತ್ತಿಗೆ ದೊಡ್ಡ 427 ಎಂಜಿನ್ ಸೇರಿ 435ರವರೆಗೆ ಹೋಯಿತು. ಹೊರಗಿನಿಂದ ಬಹುತೇಕ ಒಂದೇ ಥರ ಕಾಣುವ ಎರಡು ಕಾರುಗಳ ಬೆಲೆಯಲ್ಲಿ ಹಲವು ಪಟ್ಟು ಅಂತರ ಬರಲು ಎಂಜಿನ್ ಬ್ಲಾಕಿನ ಮೇಲಿನ ನಾಲ್ಕಾರು ಅಕ್ಷರಗಳೇ ಸಾಕು. ಅಂಥ ಕಡೆ ಅಕ್ಷರ ಕೊರೆಯುವವರೂ ಹುಟ್ಟಿಕೊಳ್ಳುತ್ತಾರೆ.

ಮುಂದಿನ ಹಂತಗಳನ್ನು ಇದನ್ನೇ ಆಧಾರವಾಗಿಟ್ಟು ಜೋಡಿಸಿದೆ. ಮುಖ್ಯವಾಗಿ ಇ-ಟೈಪ್ ಮತ್ತು 1963–67ರ ಕಾರ್ವೆಟ್, ಜೊತೆಗೆ ಕೈಗೆಟುಕುವ ಬ್ರಿಟಿಷ್ ಕಾರುಗಳಾದ ಎಂಜಿಬಿ, ಟ್ರಯಂಫ್ ಟಿಆರ್6 ಮತ್ತು ಅಮೆರಿಕದ ಫೋರ್ಡ್ ಮಸ್ಟಾಂಗ್ ಇಲ್ಲಿ ಬರುತ್ತವೆ.

ಹಂತ 1: ಅಶ್ವಶಕ್ತಿಯ ಲೆಕ್ಕ ಸರಿಮಾಡಿಕೊಳ್ಳಿ

ಹಳೆಯ ಜಾಹೀರಾತಿನ ಅಂಕಿಗಳನ್ನು ಹಾಗೆಹಾಗೇ ಪಕ್ಕಪಕ್ಕ ಇಟ್ಟರೆ ಹೋಲಿಕೆ ತಪ್ಪುತ್ತದೆ. ಅಮೆರಿಕದ ಕಂಪನಿಗಳು 1971ರವರೆಗೆ 'ಗ್ರಾಸ್' ಅಶ್ವಶಕ್ತಿ ಹೇಳುತ್ತಿದ್ದವು. ಅಂದರೆ ಫ್ಯಾನ್, ಏರ್ ಫಿಲ್ಟರ್, ಕಾರಿನ ಸ್ವಂತ ಸೈಲೆನ್ಸರ್ ಯಾವುದೂ ಇಲ್ಲದೆ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಓಡಿಸಿ ಅಳೆದದ್ದು. 1972ರಿಂದ ಎಲ್ಲ ಭಾಗ ಜೋಡಿಸಿ ಅಳೆಯುವ 'ನೆಟ್' ಲೆಕ್ಕ ಬಂತು. ಕಾರ್ವೆಟ್‌ನ ಮೂಲ 350 ಎಂಜಿನ್ 1971ರಲ್ಲಿ 270 ಅಶ್ವಶಕ್ತಿ ಎನಿಸಿಕೊಂಡಿತ್ತು, 1972ರಲ್ಲಿ 200ಕ್ಕೆ ಇಳಿಯಿತು. ಕಂಪ್ರೆಷನ್ ಅನುಪಾತ ಮಾತ್ರ 8.5ರಲ್ಲೇ ಇತ್ತು. ಬದಲಾದದ್ದು ಅಳತೆಯ ವಿಧಾನ. ಆದ್ದರಿಂದ 1972ಕ್ಕೆ ಮೊದಲಿನ ಅಮೆರಿಕನ್ ಅಂಕಿಯಿಂದ ನಾಲ್ಕನೇ ಒಂದು ಭಾಗ ಕಳೆದು ನೋಡುವುದು ಒಳ್ಳೆಯ ಅಂದಾಜು.

ಇ-ಟೈಪ್‌ನ 265 ಕೂಡ ಗ್ರಾಸ್ ಅಂಕಿಯೇ. ಎಂಜಿಬಿಯ 95 ಮಾತ್ರ ವಾಸ್ತವಕ್ಕೆ ಹತ್ತಿರ. ಟಿಆರ್6ರಲ್ಲಿ ಇನ್ನೊಂದು ತೊಡಕಿದೆ. ಬ್ರಿಟನ್ನಿಗೆಂದು ಮಾಡಿದ ಕಾರಿಗೆ ಲ್ಯೂಕಸ್ ಪೆಟ್ರೋಲ್ ಇಂಜೆಕ್ಷನ್, ಮೊದಮೊದಲಿನವುಗಳ ಶಕ್ತಿ 150. ಅಮೆರಿಕಕ್ಕೆ ಹೋದದ್ದಕ್ಕೆ ಎರಡು ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್, ಶಕ್ತಿ 105ರ ಆಸುಪಾಸು. ಚಾಸಿಸ್ ನಂಬರ್ ಸಿಪಿ ಅಥವಾ ಸಿಆರ್‌ನಿಂದ ಶುರುವಾದರೆ ಇಂಜೆಕ್ಷನ್ ಕಾರು. ಸಿಸಿ ಅಥವಾ ಸಿಎಫ್ ಆದರೆ ಅಮೆರಿಕದ್ದು. ಎರಡೂ ಒಂದೇ ಕಾರೆಂದು ಮಾರುವವರು ಹೇಳಿದರೆ ಈ ಎರಡಕ್ಷರ ತೋರಿಸಿ ಬೆಲೆ ಮಾತಾಡಿ.

ಅಂಕಿ ಕಡಿಮೆ ಹೇಳಿದ ಉದಾಹರಣೆಯೂ ಉಂಟು. 1967ರ ಕಾರ್ವೆಟ್‌ನ ಎಲ್88 ಎಂಜಿನ್ನಿಗೆ ಷೆವರ್ಲೆ 430 ಎಂದು ಬರೆಯಿತು. ಅದೇ ವರ್ಷದ ರಸ್ತೆ ಬಳಕೆಯ 435ಕ್ಕಿಂತ ಕಡಿಮೆ! ನಿಜವಾದ ಶಕ್ತಿ 500 ದಾಟುತ್ತಿತ್ತು. ರೇಸ್ ಎಂಜಿನ್ ಸಾಮಾನ್ಯ ಗಿರಾಕಿಗಳ ಕಣ್ಣಿಗೆ ಬೀಳದಿರಲಿ ಎಂಬುದು ಲೆಕ್ಕಾಚಾರ. ಆ ವರ್ಷ ಅಂಥವು ಬರೀ 20 ತಯಾರಾದವು.

ಹಂತ 2: ಓಟವನ್ನು ಹೋಲಿಸುವುದು ಹೇಗೆ

ನಿಂತಲ್ಲಿಂದ ಗಂಟೆಗೆ 96 ಕಿ.ಮೀ. ಮುಟ್ಟಲು 3.8 ಇ-ಟೈಪ್‌ಗೆ 7 ಸೆಕೆಂಡು ಬೇಕು. ಇಂಜೆಕ್ಷನ್ ಇರುವ 360 ಅಶ್ವಶಕ್ತಿಯ ಕಾರ್ವೆಟ್‌ಗೆ 6ರ ಆಸುಪಾಸು ಸಾಕು. ಟಿಆರ್6 ಇಂಜೆಕ್ಷನ್ನಿಗೆ 8ಕ್ಕಿಂತ ಸ್ವಲ್ಪ ಹೆಚ್ಚು, ಎಂಜಿಬಿಗೆ 12ರ ಹತ್ತಿರ. ಗರಿಷ್ಠ ವೇಗದಲ್ಲಿ ಇ-ಟೈಪ್ ಮೇಲುಗೈ. 1961ರಲ್ಲಿ ಪತ್ರಿಕೆಗಳು ಪರೀಕ್ಷಿಸಿದ ಕಾರುಗಳು ಗಂಟೆಗೆ 240 ಕಿ.ಮೀ. ಮುಟ್ಟಿದವು. ಆದರೆ ಅವು ಕಂಪನಿಯೇ ಮುತುವರ್ಜಿಯಿಂದ ಸಿದ್ಧಪಡಿಸಿದ ಕಾರುಗಳು. ಗಿರಾಕಿಯ ಕೈಗೆ ಬಂದದ್ದು 225–230ಕ್ಕೆ ನಿಲ್ಲುತ್ತಿತ್ತು.

ಈ ಸೆಕೆಂಡುಗಳಿಗಿಂತ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಹೇಳುವ ಕಥೆ ದೊಡ್ಡದು. 3.8 ಇ-ಟೈಪ್‌ನ ಟಾರ್ಕ್ 4000 ಆರ್‌ಪಿಎಂನಲ್ಲಿ 353 ನ್ಯೂಟನ್ ಮೀಟರ್. 300 ಅಶ್ವಶಕ್ತಿಯ ಕಾರ್ವೆಟ್ 327ರದ್ದು 3200ರಲ್ಲೇ 488. ಅಂದರೆ ಕಾರ್ವೆಟ್‌ನಲ್ಲಿ ಮೂರನೇ ಗೇರ್ ಹಾಕಿ ಊರೆಲ್ಲ ಸುತ್ತಬಹುದು, ಪಿಕಪ್ ಕೇಳಿದಾಗಲೆಲ್ಲ ಸಿಗುತ್ತದೆ. ಇ-ಟೈಪ್ ಕೊಡುವ ಸುಖ ಬೇರೆ. ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ರಸ್ತೆಯ ಪ್ರತಿ ಉಬ್ಬನ್ನೂ ಕೈಗೆ ತಿಳಿಸುತ್ತದೆ. ಕಾರ್ವೆಟ್‌ನ ಸ್ಟೀರಿಂಗ್ ಬಾಕ್ಸ್ ಅಷ್ಟು ಸೂಕ್ಷ್ಮವಲ್ಲ.

ಬ್ರೇಕಿನ ವಿಷಯದಲ್ಲಿ ವರ್ಷ ನೋಡಿಯೇ ಮಾತಾಡಬೇಕು. ಇ-ಟೈಪ್‌ಗೆ ಮೊದಲ ದಿನದಿಂದಲೂ ನಾಲ್ಕೂ ಕಡೆ ಡಿಸ್ಕ್. ಕಾರ್ವೆಟ್‌ಗೆ 1964ರವರೆಗೆ ಡ್ರಮ್, 1965ರಿಂದ ಡಿಸ್ಕ್. 1963–64ರ ಕಾರ್ವೆಟ್‌ನಲ್ಲಿ ಘಾಟಿ ಇಳಿದರೆ ಡ್ರಮ್ ಕಾದು ಬ್ರೇಕ್ ಸಡಿಲವಾಗುತ್ತದೆ. ಓಡಿಸಲೆಂದೇ ಕೊಳ್ಳುವವರಿಗೆ 1965–67ರ 327 ಕಾರ್ವೆಟ್ ಎಲ್ಲಕ್ಕಿಂತ ಸಮತೂಕದ ಆಯ್ಕೆ. ಇ-ಟೈಪ್‌ನಲ್ಲಿ ಆ ಸ್ಥಾನ ಮೊದಲ ಸರಣಿಯ 4.2ರದ್ದು. 3.8ರ ಗೇರ್ ಬಾಕ್ಸಿನಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ (ಗೇರು ಸದ್ದಿಲ್ಲದೆ ಕೂರಲು ನೆರವಾಗುವ ಭಾಗ) ಇಲ್ಲ, ಬದಲಾವಣೆ ನಿಧಾನ. 4.2ರಲ್ಲಿ ನಾಲ್ಕಕ್ಕೂ ಇದೆ. ಸೀಟೂ ಬ್ರೇಕೂ ಉತ್ತಮ.

ಹಂತ 3: ಬ್ರಿಟಿಷ್ ಕಾರಿನ ಬಾಡಿ

ಬೇಕಾಗುವ ಸಾಮಾನು: ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಟಾರ್ಚು, ಮೊಂಡು ಸ್ಕ್ರೂಡ್ರೈವರ್, ಟ್ರಾಲಿ ಜಾಕ್, ಎರಡು ಸ್ಟ್ಯಾಂಡು, ಹಳೆಯ ಚಾಪೆ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮೊದಲು ಕಾರಿನ ಅಡಿ ಸೇರಿ.

ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ತೆರೆದ ಕಾರಿನಲ್ಲಿ ಛಾವಣಿಯ ಆಸರೆಯೂ ಇಲ್ಲದ್ದರಿಂದ ಭಾರವೆಲ್ಲ ಬಾಗಿಲಿನ ಕೆಳಗಿನ ಸಿಲ್‌ಗಳ ಮೇಲೆ. ಆ ಸಿಲ್ ಒಂದು ತಗಡಲ್ಲ. ಹೊರ ಸಿಲ್, ನಡುವಿನ ತಗಡು, ಒಳ ಸಿಲ್, ಕೆಳಗೆ 'ಕ್ಯಾಸಲ್ ರೈಲ್' ಎಂಬ ಪಟ್ಟಿ ಸೇರಿ ಆದ ಪೆಟ್ಟಿಗೆ. ಒಳಗೆ ಸೇರಿದ ನೀರು ಹೊರಹೋಗದೆ ಒಳಗಿನಿಂದಲೇ ಕೊಳೆಯುತ್ತದೆ. ಹೊರ ತಗಡನ್ನು ಮಾತ್ರ ಬದಲಿಸಿ ಬಣ್ಣ ಹೊಡೆದರೆ ಕಾರು ಚೆನ್ನಾಗಿ ಕಾಣುತ್ತದೆ, ಬಲ ಇರುವುದಿಲ್ಲ. ಪತ್ತೆ ಹಚ್ಚುವ ಬಗೆ ಹೀಗೆ: ಬಾಗಿಲು ಮುಚ್ಚಿ ಅದರ ಹಿಂಬದಿಯ ಸಂದನ್ನು ಮೇಲೂ ಕೆಳಗೂ ನೋಡಿಟ್ಟುಕೊಳ್ಳಿ. ಮುಂದಿನ ಕ್ರಾಸ್‌ಮೆಂಬರಿಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ. ಸಂದಿನ ಅಳತೆ ಬದಲಾಯಿತೇ, ಬಾಗಿಲು ತೆರೆಯುವಾಗ ಹಿಡಿಯುತ್ತಿದೆಯೇ? ಹಾಗಾದರೆ ಸಿಲ್ ಸತ್ತಿದೆ. ಎರಡೂ ಕಡೆಯ ಸಿಲ್ ಸರಿಯಾಗಿ ಕಟ್ಟುವ ಟಿಂಕರಿಂಗ್ ಖರ್ಚು ಅನೇಕ ಸಲ ಕಾರಿನ ಬೆಲೆಯನ್ನೇ ಮೀರುತ್ತದೆ. ಆ ಕೆಲಸ ಮಾಡಿಸುವಾಗ ಬಾಗಿಲು ಜೋಡಿಸಿಟ್ಟೇ, ಒಂದು ಬದಿ ಮುಗಿಸಿ ಇನ್ನೊಂದು ಬದಿ ಕತ್ತರಿಸಬೇಕು. ಎರಡೂ ಬದಿ ಒಟ್ಟಿಗೆ ಬಿಚ್ಚಿದರೆ ಬಾಡಿ ಬಾಗುತ್ತದೆ, ಮತ್ತೆ ಬಾಗಿಲು ಕೂರುವುದಿಲ್ಲ. ಎಂಜಿಬಿಗೆ ಒಂದು ದೊಡ್ಡ ಅನುಕೂಲವೂ ಇದೆ. ಮೂಲ ಅಚ್ಚುಗಳಿಂದಲೇ ಬ್ರಿಟಿಷ್ ಮೋಟಾರ್ ಹೆರಿಟೇಜ್ ಇಡೀ ಹೊಸ ಬಾಡಿ ತಯಾರಿಸಿದೆ. ಇಷ್ಟು ಸೌಲಭ್ಯ ಬೇರೆ ಹಳೆಯ ಕಾರುಗಳಿಗೆ ವಿರಳ.

ಇ-ಟೈಪ್‌ನಲ್ಲಿ ಹಿಂಭಾಗ ತಗಡಿನ ಪೆಟ್ಟಿಗೆ, ಮುಂಭಾಗ ಚೌಕ ಕೊಳವೆಗಳ ಚೌಕಟ್ಟು. ಎಂಜಿನ್, ಸ್ಟೀರಿಂಗ್, ಮುಂದಿನ ಸಸ್ಪೆನ್ಷನ್ ಎಲ್ಲ ಈ ಕೊಳವೆಗಳ ಮೇಲೆ ನಿಂತಿವೆ. ತೆಳುವಾದ ಕೊಳವೆ ಒಳಗಿನಿಂದ ತುಕ್ಕು ಹಿಡಿದರೆ ಹೊರಗೆ ಏನೂ ಕಾಣದು. ಬ್ರೇಜಿಂಗ್ ಮಾಡಿದ ಸಂದುಗಳ ಪಕ್ಕ, ಬ್ಯಾಟರಿಯ ಕೆಳಗೆ, ಸಸ್ಪೆನ್ಷನ್ ಬ್ರ್ಯಾಕೆಟ್‌ಗಳ ಬಳಿ ಟಾರ್ಚು ಹಿಡಿದು ಬಿರುಕು ಹುಡುಕಿ. ಕೊಳವೆಯ ಮೇಲೆ ತೇಪೆ ಬೆಸುಗೆ ಕಂಡರೆ ಆ ಚೌಕಟ್ಟನ್ನೇ ಬದಲಿಸಬೇಕೆಂದು ಬೆಲೆ ಲೆಕ್ಕ ಹಾಕಿ. ಅಲ್ಲಿ ತೇಪೆ ಯಾವತ್ತೂ ದುರಸ್ತಿಯಲ್ಲ. ಮುಂದೆ ಸೀಟಿನ ಹಿಂದಿನ ನೆಲದಡಿ ಹೋಗಿ. ಹಿಂದಿನ ಸಸ್ಪೆನ್ಷನ್ನಿನ ರೇಡಿಯಸ್ ಆರ್ಮ್ ಬಾಡಿಗೆ ಸೇರುವ ಬಟ್ಟಲಿನಂಥ ಜಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಎನ್ನಬೇಕು. ಮೊಂಡು ಸದ್ದು ಬಂದರೆ ಕೊಳೆತಿದೆ.

ಅಯಸ್ಕಾಂತದ ಬಗ್ಗೆ ಒಂದು ಎಚ್ಚರಿಕೆ. ಇ-ಟೈಪ್ ಬಾಡಿಯ ಕೆಲವು ಬೆಸುಗೆಗಳಿಗೆ ಕಾರ್ಖಾನೆಯಲ್ಲೇ ಸೀಸ ತುಂಬಿದ್ದಾರೆ. ಆ ಗೆರೆಯಗುಂಟ ಅಯಸ್ಕಾಂತ ಹಿಡಿಯದಿದ್ದರೆ ಹೆದರಬೇಡಿ. ಬಾಗಿಲಿನ ಕೆಳಭಾಗ, ಚಕ್ರದ ಕಮಾನು, ಸಿಲ್ ನಡುವೆ ಹಿಡಿಯದಿದ್ದರೆ ಅದು ಪುಟ್ಟಿ. ಉದ್ದನೆಯ ಬಾನೆಟ್ಟನ್ನು ಎತ್ತಿ ಒಳಗಿನ ಅಂಚುಗಳನ್ನು ನೋಡಲು ಮರೆಯಬೇಡಿ. ಕಾರಿನ ಬಿಡಿಭಾಗಗಳಲ್ಲಿ ಅತ್ಯಂತ ದುಬಾರಿಯಾದವುಗಳಲ್ಲಿ ಅದೂ ಒಂದು.

ಟಿಆರ್6ಕ್ಕೆ ಪ್ರತ್ಯೇಕ ಚಾಸಿಸ್ ಇದೆ. ಹಿಂದಿನ ಟ್ರೇಲಿಂಗ್ ಆರ್ಮ್ ಸೇರುವ ಜಾಗದ ತುಕ್ಕು, ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ ತೂಗುಬಿಟ್ಟ ಪಿನ್ನುಗಳ ಸುತ್ತಲಿನ ಬಿರುಕು, ಇವೆರಡನ್ನು ನೋಡಿದರೆ ಮುಕ್ಕಾಲು ಪರೀಕ್ಷೆ ಮುಗಿಯಿತು. ಕ್ಲಚ್ ಬಿಟ್ಟಾಗ ಹಿಂದಿನಿಂದ 'ಠಕ್' ಎಂದರೆ ಆ ಪಿನ್ ಮೇಲೆ ಅನುಮಾನ ಪಡಿ.

ಹಂತ 4: ಅಮೆರಿಕನ್ ಕಾರಿನ ನಂಬರು

ಕಾರ್ವೆಟ್ ಬಾಡಿ ಫೈಬರ್‌ಗ್ಲಾಸ್. ತುಕ್ಕಿನ ಭಯವಿಲ್ಲ ಎಂದು ಮಾರುವವರು ಹೇಳುತ್ತಾರೆ. ಅದನ್ನು ಆಮೇಲೆ ನೋಡೋಣ. ಮೊದಲು ಗ್ಲೋವ್ ಬಾಕ್ಸಿನ ಕೆಳಗಿನ ಅಡ್ಡಪಟ್ಟಿಯ ಮೇಲಿರುವ ನಂಬರ್ ಪ್ಲೇಟ್ ಓದಿ. 1963ರ ಕಾರಿನ ನಂಬರ್ 30837ಎಸ್ ಅಥವಾ 30867ಎಸ್ ಎಂದು ಶುರುವಾಗುತ್ತದೆ. ಮೊದಲ 3 ಎಂದರೆ 1963, 37 ಎಂದರೆ ಕೂಪೆ (ಗಟ್ಟಿ ಛಾವಣಿಯ ಕಾರು), 67 ಎಂದರೆ ತೆರೆದ ಕಾರು, ಎಸ್ ಎಂದರೆ ಸೇಂಟ್ ಲೂಯಿ ಕಾರ್ಖಾನೆ. ಹಿಂದಿನ ಗಾಜು ಎರಡಾಗಿ ಸೀಳಿರುವ ಪ್ರಸಿದ್ಧ ಕೂಪೆ 1963ರಲ್ಲಿ ಮಾತ್ರ ಬಂತು, ಒಟ್ಟು 10,594. ಅದೇ ಗಾಜಿರುವ ಕಾರಿನ ನಂಬರ್ 4ರಿಂದ ಶುರುವಾದರೆ ಅದು 1964ರದ್ದು, ಯಾರೋ ಬದಲಿಸಿದ್ದಾರೆ. ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. ಹಿಂದೆ ಏನೂ ಕಾಣುವುದಿಲ್ಲವೆಂದು ಆ ಕಾಲದಲ್ಲಿ ಅನೇಕರು ನಡುವಿನ ಕಂಬವನ್ನು ಕತ್ತರಿಸಿ 1964ರ ಒಂಟಿ ಗಾಜು ಹಾಕಿಸಿದರು, ಬೆಲೆ ಏರಿದ ಮೇಲೆ ಮತ್ತೆ ಕಂಬ ಕಟ್ಟಿಸಿದರು. ಒಳಗಿನಿಂದ ಕಂಬದ ಬುಡ ನೋಡಿ: ಕಾರ್ಖಾನೆಯ ಫೈಬರ್ ಅಚ್ಚೊತ್ತಿದಂತೆ ನಯವಾಗಿರುತ್ತದೆ, ಕೈಯಲ್ಲಿ ಹಚ್ಚಿದ್ದು ಒರಟಾಗಿ, ನೇಯ್ಗೆಯ ಗುರುತಿನೊಂದಿಗೆ ಇರುತ್ತದೆ.

ಈ ನಂಬರಿನಲ್ಲಿ ಎಂಜಿನ್ ವಿವರ ಇಲ್ಲ. ಕಾರ್ವೆಟ್ ನಂಬರಿನಲ್ಲಿ ಎಂಜಿನ್ ಗುರುತು ಸೇರಿದ್ದು 1972ರಿಂದ. ಮೋಸಕ್ಕೆ ದಾರಿಯಾಗಿರುವುದು ಇದೇ. ಆದ್ದರಿಂದ ಎಂಜಿನ್ ಬ್ಲಾಕನ್ನೇ ಓದಬೇಕು. ಚಾಲಕನ ಎದುರು ಬದಿಯ, ಅಂದರೆ ಕಾರಿನ ಬಲಗಡೆಯ, ಸಿಲಿಂಡರ್ ಹೆಡ್ಡಿನ ಮುಂದೆ ಬ್ಲಾಕಿನ ಮೇಲೆ ಸಣ್ಣ ಸಮತಟ್ಟು ಜಾಗವಿದೆ. ಅಲ್ಲಿ ಎರಡು ಮುದ್ರೆ ಇರುತ್ತವೆ. ಒಂದು ಎಂಜಿನ್ ಜೋಡಿಸಿದ ಊರು, ದಿನ ಮತ್ತು ಬಗೆ. ಉದಾಹರಣೆಗೆ 'ಎಫ್ 0115 ಆರ್‌ಎಫ್' ಎಂದರೆ ಫ್ಲಿಂಟ್ ಕಾರ್ಖಾನೆ, ಜನವರಿ 15, 1963ರ 360 ಅಶ್ವಶಕ್ತಿಯ ಇಂಜೆಕ್ಷನ್ ಎಂಜಿನ್. ಆ ವರ್ಷ ಕೈ ಗೇರಿನ ಕಾರುಗಳಿಗೆ ಆರ್‌ಸಿ 250, ಆರ್‌ಡಿ 300, ಆರ್‌ಇ 340. ಇನ್ನೊಂದು ಮುದ್ರೆ ಕಾರಿನ ನಂಬರಿನ ಕೊನೆಯ ಅಂಕಿಗಳು. ಇವೆರಡೂ ಬೇರೆ ಬೇರೆ ಕಾರ್ಖಾನೆಯಲ್ಲಿ ಬಿದ್ದ ಮುದ್ರೆಗಳಾದ್ದರಿಂದ ಅಕ್ಷರದ ಗಾತ್ರ, ಆಳ, ಸಾಲು ಒಂದೇ ಥರ ಇರಬಾರದು. ತೀರಾ ಅಚ್ಚುಕಟ್ಟಾಗಿ ಹೊಂದಿಕೊಂಡಿದ್ದರೆ ಅನುಮಾನಪಡಿ.

ಟಾರ್ಚನ್ನು ಆ ಜಾಗಕ್ಕೆ ಓರೆಯಾಗಿ ಹಿಡಿಯಿರಿ. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈ ಕೆತ್ತಿದ ಬ್ರೋಚ್ ಯಂತ್ರ ಬಿಟ್ಟ ಸಣ್ಣ ಸಮಾನಾಂತರ ಗೆರೆಗಳು ಕಾಣಬೇಕು. ಗೆರೆ ಮಾಯವಾಗಿ ನುಣುಪಾಗಿದ್ದರೆ ಒಂದೋ ಎಂಜಿನ್ ರಿಪೇರಿಯಲ್ಲಿ ಮೇಲ್ಮೈ ತೆಗೆದಿದ್ದಾರೆ, ಇಲ್ಲವೇ ಹಳೆಯ ಮುದ್ರೆ ಅಳಿಸಿ ಹೊಸದು ಹೊಡೆದಿದ್ದಾರೆ. ಮೊದಲನೆಯದು ಪ್ರಾಮಾಣಿಕ ಕೆಲಸವಿರಬಹುದು, ಆದರೆ ಬೆಲೆಗೆ ಎರಡೂ ಒಂದೇ: ಸಾಕ್ಷಿ ಹೋಯಿತು. ಆಮೇಲೆ ದಿನಾಂಕಗಳ ಸರಪಳಿ ಜೋಡಿಸಿ. ಬ್ಲಾಕಿನ ಹಿಂಬದಿಯಲ್ಲಿ ಎರಕ ಹೊಯ್ದ ದಿನ ಉಬ್ಬಾಗಿ ಮೂಡಿರುತ್ತದೆ. ಎರಕ ಮೊದಲು, ಎಂಜಿನ್ ಜೋಡಣೆ ನಂತರ, ಕಾರಿನ ತಯಾರಿ ಕೊನೆಗೆ. ನಡುವಿನ ಅಂತರ ಸಾಮಾನ್ಯವಾಗಿ ದಿನಗಳಿಂದ ಕೆಲವು ವಾರ. ಕಾರು ತಯಾರಾದ ಮೇಲೆ ಹೊಯ್ದ ಬ್ಲಾಕು ಆ ಕಾರಿನದಾಗಲು ಸಾಧ್ಯವಿಲ್ಲ.

1967ರಿಂದ ಪೆಟ್ರೋಲ್ ಟ್ಯಾಂಕಿನ ಮೇಲೆ ಆ ಕಾರಿನ ಆರ್ಡರ್ ಹಾಳೆ ಅಂಟಿಸಿರುತ್ತಿದ್ದರು. ಅದು ಉಳಿದಿದ್ದರೆ ಅದಕ್ಕಿಂತ ದೊಡ್ಡ ದಾಖಲೆಯಿಲ್ಲ. ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯ ತೀರ್ಪಿನ ಹಾಳೆಗಳಿದ್ದರೆ ಪ್ರತಿ ಪುಟವನ್ನೂ ಕೇಳಿ ಪಡೆಯಿರಿ. ಪದಕಕ್ಕಿಂತ ಅಂಕ ಕಳೆದ ಟಿಪ್ಪಣಿಗಳೇ ಉಪಯುಕ್ತ.

ಇನ್ನು ತುಕ್ಕು. ಫೈಬರ್ ಚರ್ಮದೊಳಗೆ ಮುಂಗಾಜು ಮತ್ತು ಬಾಗಿಲುಗಳನ್ನು ಹಿಡಿದಿರುವ ಉಕ್ಕಿನ ಹಂದರ ಇದೆ, 'ಬರ್ಡ್‌ಕೇಜ್' ಎನ್ನುತ್ತಾರೆ. ಮುಂಗಾಜಿನ ಕೆಳಮೂಲೆಯಿಂದ ಇಳಿದ ನೀರು ಅದನ್ನು ತಿನ್ನುತ್ತದೆ. ಕಾಲಿಡುವ ಜಾಗದ ಪಕ್ಕದ ಪ್ಯಾನೆಲ್ ಬಿಚ್ಚಿಸಿ ನೋಡಲೇಬೇಕು. ಬಿಚ್ಚಲು ಒಪ್ಪದ ಮಾರಾಟಗಾರರ ಕಾರು ಬಿಡಿ. ಹಂದರ ಸರಿಪಡಿಸಲು ಬಾಡಿಯ ಫೈಬರನ್ನೇ ಬಿಡಿಸಬೇಕಾಗುತ್ತದೆ. ಚಾಸಿಸ್ಸಿನಲ್ಲಿ ಹಿಂದಿನ ಚಕ್ರದ ಮುಂದೆ ಮೇಲಕ್ಕೆ ಬಾಗುವ ಭಾಗ, ಹಿಂದಿನ ಟ್ರೇಲಿಂಗ್ ಆರ್ಮ್‌ಗಳು, ಇವೂ ತುಕ್ಕಿನ ಜಾಗಗಳೇ.

ಮಸ್ಟಾಂಗ್‌ನಲ್ಲಿ ಗುರುತು ಹಿಡಿಯುವುದು ಸುಲಭ. ನಂಬರಿನ ಐದನೇ ಅಕ್ಷರವೇ ಎಂಜಿನ್. ಅಲ್ಲಿ 'ಕೆ' ಇದ್ದರೆ 271 ಅಶ್ವಶಕ್ತಿಯ 289. ಆ ಒಂದಕ್ಷರಕ್ಕೆ ಕೊಡುವ ಹೆಚ್ಚಿನ ಬೆಲೆ ನ್ಯಾಯವೇ. 1967 ಅಥವಾ ನಂತರದ ಕಾರಾದರೆ ಫೋರ್ಡ್ ದಾಖಲೆಗಳಿಂದ ತೆಗೆದ ಮಾರ್ಟಿ ರಿಪೋರ್ಟ್ ತರಿಸಿ. ಮಸ್ಟಾಂಗ್‌ನ ರೇಸ್ ಬಗೆಯಾದ 1965ರ ಶೆಲ್ಬಿ ಜಿಟಿ350 ತಯಾರಾದದ್ದು 562 ಮಾತ್ರ. ನಕಲು ಲೆಕ್ಕವಿಲ್ಲದಷ್ಟಿವೆ, ಶೆಲ್ಬಿಯ ಪಟ್ಟಿಯಲ್ಲಿ ನಂಬರ್ ಸಿಗದೆ ಮಾತು ಮುಂದುವರಿಸಬೇಡಿ. ಮಸ್ಟಾಂಗ್‌ನ ಬಾಡಿಗೆ ಒಂದು ಸರಳ ಪರೀಕ್ಷೆ: ಮುಂಗಾಜಿನ ಕೆಳಗಿನ ಗಾಳಿ ಜಾಲರಿಗೆ ಅರ್ಧ ಬಕೆಟ್ ನೀರು ಸುರಿಯಿರಿ. ಕಾಲಡಿಯ ಕಾರ್ಪೆಟ್ ಒದ್ದೆಯಾದರೆ ಒಳಗಿನ ಗಾಳಿ ಪೆಟ್ಟಿಗೆ ತೂತಾಗಿದೆ.

ಬ್ರಿಟಿಷ್ ಕಾರಿನ ನಂಬರನ್ನೂ ಓದಬೇಕು, ಆದರೆ ಬೇರೆ ಕಾರಣಕ್ಕೆ. 3.8 ಇ-ಟೈಪ್ ನಂಬರ್ 85ರಿಂದ ಶುರುವಾದರೆ ಬಲಗಡೆ ಸ್ಟೀರಿಂಗಿನ ತೆರೆದ ಕಾರು, 86 ಬಲಗಡೆ ಸ್ಟೀರಿಂಗಿನ ಕೂಪೆ. 875 ಎಡಗಡೆಯ ತೆರೆದ ಕಾರು, 885 ಎಡಗಡೆಯ ಕೂಪೆ. ಅಮೆರಿಕಕ್ಕೆ ಹೋದ ಬಹಳಷ್ಟು ಕಾರುಗಳು ಮರಳಿ ಬಂದು ಬಲಗಡೆಗೆ ಬದಲಾಗಿವೆ. ಓಡಿಸಲು ತೊಂದರೆಯಿಲ್ಲ, ಆದರೆ ಮೂಲದಲ್ಲೇ ಬಲಗಡೆಯದಾದ ಕಾರಿನ ಬೆಲೆ ಕೊಡಬೇಡಿ. ಎಂಜಿನ್ ನಂಬರ್ ಆಯಿಲ್ ಫಿಲ್ಟರಿನ ಮೇಲೆ ಬ್ಲಾಕಿನಲ್ಲೂ ಹೆಡ್ಡಿನ ಮುಂಭಾಗದಲ್ಲೂ ಇರುತ್ತದೆ. ಕೊನೆಯ 8 ಅಥವಾ 9 ಎಂಬುದು ಕಂಪ್ರೆಷನ್ ಅನುಪಾತ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರದಲ್ಲಿ ಮೂಲ ಎಂಜಿನ್, ಗೇರ್ ಬಾಕ್ಸ್, ಬಾಡಿ ನಂಬರ್, ಬಣ್ಣ ಎಲ್ಲವೂ ಸಿಗುತ್ತವೆ. ಎಂಜಿ ಕಾರುಗಳಿಗೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಇಂಥದ್ದೇ ಪತ್ರ ಕೊಡುತ್ತದೆ.

ಹಂತ 5: ಎಂಜಿನ್ ಮತ್ತು ರಸ್ತೆ ಪರೀಕ್ಷೆ

ಎಂಜಿನ್ ತಣ್ಣಗಿರುವಾಗಲೇ ತಲುಪಿ. ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಹೊಗೆಯೂ ಸದ್ದೂ ಅಡಗಿರುತ್ತವೆ. ಬಿಸಿಯಾದ ಮೇಲೆ ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಅಳೆಯಿರಿ. ಅಂಕಿ ಎಷ್ಟೆಂಬುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ. 10ರೊಳಗೆ ಇರುವುದು ಮುಖ್ಯ. ಬಿಸಿ ಎಂಜಿನ್ನಿನ ಎಣ್ಣೆ ಒತ್ತಡ ಎಂಜಿಬಿಯಲ್ಲಿ ಓಡುವಾಗ 50ರಿಂದ 80 ಪಿಎಸ್‌ಐ, ಇ-ಟೈಪ್‌ನಲ್ಲಿ 3000 ಆರ್‌ಪಿಎಂಗೆ 40, ಷೆವರ್ಲೆ ವಿ8ರಲ್ಲಿ ಪ್ರತಿ 1000 ಆರ್‌ಪಿಎಂಗೆ 10ರಂತೆ ಇರಬೇಕು.

ಟಿಆರ್6ರಲ್ಲಿ ತಪ್ಪದೆ ಮಾಡಬೇಕಾದ ಒಂದು ಪರೀಕ್ಷೆ: ಒಬ್ಬರು ಕ್ಲಚ್ ತುಳಿದು ಬಿಡಲಿ, ಇನ್ನೊಬ್ಬರು ಎಂಜಿನ್ ಮುಂದಿನ ಪುಲ್ಲಿಯನ್ನು ನೋಡಲಿ. ಪುಲ್ಲಿ ಹಿಂದೆ ಮುಂದೆ ಸರಿಯುವುದು ಕಣ್ಣಿಗೆ ಕಂಡರೆ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ. ಅದು ಕಳಚಿ ಎಂಜಿನ್ನಿನ ತಳದ ಎಣ್ಣೆ ತಟ್ಟೆಗೆ (ಸಂಪ್) ಬಿದ್ದರೆ ಕ್ರ್ಯಾಂಕೂ ಬ್ಲಾಕೂ ಹಾಳು.

ತಂತಿ ಚಕ್ರಗಳಿರುವ ಕಾರಿನಲ್ಲಿ ಬ್ರೇಕ್ ಹಿಡಿದು ಕಾರನ್ನು ಹಿಂದೆ ಮುಂದೆ ಜಗ್ಗಿ. ಚಕ್ರದ ನಡುವಿನಿಂದ ಕ್ಲಿಕ್ ಸದ್ದು ಬಂದರೆ ಹಬ್ಬಿನ ಹಲ್ಲು ಸವೆದಿದೆ. ಚಕ್ರ ಮಾತ್ರ ಬದಲಿಸಿದರೆ ಸವೆದ ಹಬ್ಬು ಹೊಸ ಚಕ್ರವನ್ನೂ ತಿನ್ನುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಇ-ಟೈಪ್‌ನ ಹಿಂದಿನ ಡಿಸ್ಕ್ ಚಕ್ರದ ಬಳಿ ಇಲ್ಲ, ಡಿಫರೆನ್ಶಿಯಲ್‌ನ ಎರಡು ಬದಿಗೆ ಅಂಟಿಕೊಂಡಿವೆ. ಡಿಸ್ಕಿನ ಕಾವಿಗೆ ಅಲ್ಲಿನ ಆಯಿಲ್ ಸೀಲ್ ಬೆಂದು, ಸೋರಿದ ಎಣ್ಣೆ ಬ್ರೇಕ್ ಪ್ಯಾಡಿಗೆ ಬೀಳುತ್ತದೆ. ಸರಿಯಾಗಿ ಮಾಡಬೇಕೆಂದರೆ ಇಡೀ ಹಿಂದಿನ ಸಸ್ಪೆನ್ಷನ್ ಕೆಳಗಿಳಿಸಬೇಕು. ಕಾರ್ವೆಟ್‌ನ ಡಿಸ್ಕ್ ಬ್ರೇಕಿಗೆ ಅದರದ್ದೇ ರೋಗ. ಎರಕದ ಕ್ಯಾಲಿಪರಿನೊಳಗೆ ತುಕ್ಕು ಗುಳಿ ಬಿದ್ದು ಸೋರುತ್ತದೆ; ಒಳಗೆ ಸ್ಟೇನ್‌ಲೆಸ್ ಉಕ್ಕಿನ ಸ್ಲೀವ್ (ಒಳಕೊಳವೆ) ಹಾಕಿದ ಕ್ಯಾಲಿಪರ್ ಇದಕ್ಕೆ ಶಾಶ್ವತ ಪರಿಹಾರ. ಎಲ್ಲೂ ಸೋರದೆ, ಗಾಳಿ ತೆಗೆದ ಮೇಲೂ ಕೆಲವು ದಿನಕ್ಕೆ ಪೆಡಲ್ ಮತ್ತೆ ಮೆತ್ತಗಾದರೆ ಡಿಸ್ಕ್ ವಾಲಾಟ ಅಳೆಯಿರಿ. ಕಾರ್ಖಾನೆಯಲ್ಲಿ ಡಿಸ್ಕನ್ನು ಹಬ್ಬಿಗೆ ರಿವೆಟ್ ಹೊಡೆದು ಒಟ್ಟಿಗೆ ಕಡೆದಿದ್ದರು. ರಿವೆಟ್ ಕಿತ್ತು ಹೊಸ ಡಿಸ್ಕ್ ಹಾಕಿದಾಗ ವಾಲಾಟ 0.13 ಮಿ.ಮೀ. ಮೀರಿದರೆ ಪಿಸ್ಟನ್‌ಗಳು ಅಲುಗಾಡಿ ಸೀಲಿನ ಅಂಚಿನಿಂದ ಗಾಳಿ ಎಳೆದುಕೊಳ್ಳುತ್ತವೆ. ಹಿಂದಿನ ಚಕ್ರದ ಬೇರಿಂಗ್ ಆಟ 0.2 ಮಿ.ಮೀ. ದಾಟಿದ್ದರೂ ಇದೇ ತೊಂದರೆ.

ಹಂತ 6: ಬೆಲೆ ಉಳಿಯುವ ಕಾರು ಯಾವುದು

ಇ-ಟೈಪ್‌ನಲ್ಲಿ ಮೇಲಿನ ಮೆಟ್ಟಿಲು 1961ರ ಮೊದಲ ಕಾರುಗಳದ್ದು: ಬಾನೆಟ್ ಬೀಗ ಹೊರಗಿನಿಂದ ತೆರೆಯುವ ಸುಮಾರು 500, ಕಾಲಡಿ ನೆಲ ಸಮತಟ್ಟಾಗಿರುವವು. ನಂತರ ಉಳಿದ 3.8, ಅದಕ್ಕೆ ಹೊಂದಿಕೊಂಡು ಮೊದಲ ಸರಣಿಯ 4.2 ತೆರೆದ ಕಾರು, ಬಳಿಕ ಎರಡನೇ ಸರಣಿ. ಉದ್ದ ಹೆಚ್ಚಿಸಿದ 2+2 ಎಲ್ಲಕ್ಕಿಂತ ಅಗ್ಗ. ಕುಟುಂಬದೊಡನೆ ಓಡಿಸುವವರಿಗೆ ಅದು ನಿಜಕ್ಕೂ ಒಳ್ಳೆಯ ಕೊಳ್ಳುವಿಕೆ. ಕಾರ್ವೆಟ್‌ನಲ್ಲಿ ಸೀಳು ಗಾಜಿನ 1963, ಇಂಜೆಕ್ಷನ್ ಕಾರುಗಳು, 1967ರ 427 ಮುಂದಿನ ಸಾಲು, ಆದರೆ ದಾಖಲೆ ಇದ್ದರೆ ಮಾತ್ರ. ದಾಖಲೆಯಿಲ್ಲದ 435ಕ್ಕಿಂತ ದಾಖಲೆ ಸಮೇತ 300ರ ಕಾರ್ವೆಟ್ ಲೇಸು.

ಎಂಜಿಬಿ ಐದು ಲಕ್ಷಕ್ಕೂ ಹೆಚ್ಚು ತಯಾರಾಗಿದೆ, ವಿರಳ ಎಂಬ ಮಾತೇ ಇಲ್ಲ. ಹೂಡಿಕೆಗಾಗಿ ಕೊಳ್ಳಬೇಡಿ, ಓಡಿಸಲು ಕೊಳ್ಳಿ. 1964ರ ಕೊನೆಯ ನಂತರದ ಐದು ಮೇನ್ ಬೇರಿಂಗ್ ಎಂಜಿನ್, 1974ಕ್ಕೆ ಮೊದಲಿನ ಕ್ರೋಮ್ ಬಂಪರ್, ಓವರ್‌ಡ್ರೈವ್ (ವೇಗದ ಓಟಕ್ಕೆ ಹೆಚ್ಚುವರಿ ಗೇರು) ಈ ಮೂರೂ ಸೇರಿದ್ದನ್ನು ಹುಡುಕಿ. ರಬ್ಬರ್ ಬಂಪರಿನ ಕಾರುಗಳನ್ನು ಅಮೆರಿಕದ ನಿಯಮಕ್ಕಾಗಿ ಎತ್ತರಿಸಿದ್ದರಿಂದ ತಿರುವಿನಲ್ಲಿ ಹೆಚ್ಚು ವಾಲುತ್ತವೆ.

ಎರಡು ದೇಶದ ರಕ್ತ ಸೇರಿದವೂ ಇವೆ. 1964–67ರ ಸನ್‌ಬೀಮ್ ಟೈಗರ್ ಎಂಬುದು ಬ್ರಿಟಿಷ್ ಆಲ್ಪೈನ್ ಬಾಡಿಯಲ್ಲಿ ಫೋರ್ಡ್ ವಿ8. ಇದರಲ್ಲಿ ತುಕ್ಕು, ನಕಲಿ ಎರಡೂ ಭಯ ಒಟ್ಟಿಗೆ: ಆಲ್ಪೈನ್‌ಗೆ ವಿ8 ಕೂರಿಸಿ ಟೈಗರ್ ಎನ್ನುವವರಿದ್ದಾರೆ. ಟೈಗರ್ ಮಾಲೀಕರ ಸಂಘ ಪರಿಶೀಲಿಸಿ ದೃಢೀಕರಿಸಿದ ಕಾರನ್ನೇ ಕೊಳ್ಳಿ.

ಹಂತ 7: ಕಾನೂನು

ಭಾರತದಲ್ಲಿ 50 ವರ್ಷ ದಾಟಿದ ಖಾಸಗಿ ವಾಹನಕ್ಕೆ 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಇದೆ. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಮಾನ್ಯ, ನವೀಕರಣಕ್ಕೆ 5,000. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ದುರಸ್ತಿಗೆ ರಸ್ತೆಗಿಳಿಸಬಹುದು. ದಿನವೂ ಆಫೀಸಿಗೆ ಹೋಗುವ ಹಾಗಿಲ್ಲ. 1963–67ರ ಕಾರ್ವೆಟ್ ಎಡಗಡೆ ಸ್ಟೀರಿಂಗಿನಲ್ಲಿ ಮಾತ್ರ ಬಂದದ್ದು. ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಎಡಗಡೆ ಸ್ಟೀರಿಂಗಿನ ವಾಹನಕ್ಕೆ ನಿಗದಿತ ಸಂಕೇತ ಸಾಧನ ಇರಲೇಬೇಕೆನ್ನುತ್ತದೆ. ಹೊರದೇಶದಿಂದ ತರಿಸುವವರು ಅನುಮತಿ ಮತ್ತು ಸುಂಕವನ್ನು ಮುಂಗಡ ಕೊಡುವ ಮೊದಲೇ ಕಸ್ಟಮ್ಸ್ ಏಜೆಂಟರಿಂದ ಬರಹದಲ್ಲಿ ಪಡೆಯಬೇಕು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ 1975 ಮತ್ತು ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆಯಿಲ್ಲ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಡಿಸದ ಕಾರಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಆದರೂ ಮಾಡಿಸಿ.

ಹಂತ 8: ಮನೆಗೆ ತಂದ ಮೊದಲ ತಿಂಗಳು

ಸ್ಪ್ಯಾನರಿನಿಂದ ಶುರುಮಾಡಿ. ಎರಡೂ ದೇಶದ ಕಾರುಗಳ ನಟ್ಟು ಇಂಚಿನ ಅಳತೆಯವು. ಅರ್ಧ ಇಂಚಿನ ನಟ್ಟಿಗೆ 13 ಮಿ.ಮೀ. ಸ್ಪ್ಯಾನರ್ ಹಾಕಿದರೆ ಸಡಿಲವಾಗಿ ಕೂತು ಮೂಲೆ ತಿನ್ನುತ್ತದೆ. ಮೆಕ್ಯಾನಿಕ್ಕಿಗೆ ಒಂದು ಇಂಚಿನ ಸೆಟ್ ಕೊಡಿಸಿ.

ಬ್ಯಾಟರಿ ಮುಟ್ಟುವ ಮೊದಲು ಅರ್ಥಿಂಗ್ ನೋಡಿ. 1967ಕ್ಕೆ ಮೊದಲಿನ ಎಂಜಿಬಿಯಲ್ಲೂ 3.8 ಇ-ಟೈಪ್‌ನಲ್ಲೂ ಪಾಸಿಟಿವ್ ತಂತಿ ಬಾಡಿಗೆ ಸೇರಿದೆ. ಅಭ್ಯಾಸಬಲದಿಂದ ತಿರುಗಾಮುರುಗಾ ಕೊಟ್ಟರೆ ಎಲೆಕ್ಟ್ರಾನಿಕ್ ಭಾಗ ಸುಡುತ್ತದೆ.

ನಮ್ಮಲ್ಲೀಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಹೋಸು, ಕಾರ್ಬ್ಯುರೇಟರ್ ಸೀಲು ಇದಕ್ಕೆ ಕರಗಿ ಬಿರಿಯುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರು ಉರಿದುಹೋಗುತ್ತದೆ. ಎಥನಾಲ್ ತಡೆಯುವ ಹೋಸನ್ನು ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಹೊಸದಾಗಿ ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿ. ಸೀಸವಿಲ್ಲದ ಪೆಟ್ರೋಲಿನಿಂದ ಎಂಜಿಬಿಯ ಎರಕದ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟು ಸವೆಯುತ್ತದೆ. ತಣ್ಣಗಿರುವಾಗ ವಾಲ್ವ್ ಸಂದು 0.38 ಮಿ.ಮೀ. ಇಟ್ಟು ಬರೆದಿಡಿ. 2,000 ಕಿ.ಮೀ. ನಂತರ ಸಂದು ಕಿರಿದಾಗಿದ್ದರೆ ಗಟ್ಟಿ ಸೀಟು ಹಾಕಿಸುವ ಕಾಲ ಬಂದಿದೆ. ಇ-ಟೈಪ್‌ನ ಅಲ್ಯೂಮಿನಿಯಂ ಹೆಡ್ಡಿಗೆ ಮೊದಲೇ ಪ್ರತ್ಯೇಕ ಸೀಟುಗಳಿವೆ.

ಎಂಜಿನ್ನಿಗೆ 20ಡಬ್ಲ್ಯು-50 ಎಣ್ಣೆ, ಜಿಂಕ್ ಅಂಶ 1,000 ಪಿಪಿಎಂಗೆ ಕಡಿಮೆ ಇರದದ್ದು. ಇಂದಿನ ತೆಳು ಎಣ್ಣೆಯಲ್ಲಿ ಅದು ಕಡಿಮೆ, ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜಿ ಹಾಳಾಗುತ್ತವೆ. ಎಂಜಿಬಿಯ ಗೇರ್ ಬಾಕ್ಸಿಗೂ ಓವರ್‌ಡ್ರೈವ್‌ಗೂ ಇದೇ ಎಂಜಿನ್ ಎಣ್ಣೆ. ಗೇರ್ ಆಯಿಲ್ ಹಾಕುವ ಮೆಕ್ಯಾನಿಕ್ಕನ್ನು ತಡೆಯಿರಿ, ಓವರ್‌ಡ್ರೈವ್ ಹಿಡಿಯುವುದೇ ಇಲ್ಲ. ಎಸ್‌ಯು ಕಾರ್ಬ್ಯುರೇಟರ್ ಗುಮ್ಮಟದ ಎಣ್ಣೆ ಮುಗಿದಿದ್ದರೆ ಆಕ್ಸಿಲರೇಟರ್ ಒತ್ತಿದ ಕ್ಷಣ ಎಂಜಿನ್ ಮುಗ್ಗರಿಸುತ್ತದೆ. ಟ್ಯೂನಿಂಗಿಗೆ ಕೈಹಾಕುವ ಮೊದಲು ಅದನ್ನು ತುಂಬಿಸಿ ನೋಡಿ. ಕಾರ್ವೆಟ್‌ನಲ್ಲಿ ಪೋಸಿಟ್ರಾಕ್ಷನ್ (ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ) ಡಿಫರೆನ್ಶಿಯಲ್ ಇದ್ದರೆ ಅದರ ಎಣ್ಣೆಗೆ ಜಿಎಂ ಹೇಳುವ ಸೇರ್ಪಡೆ ದ್ರವ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಗೊರಗೊರ ಸದ್ದು. ಟೈರಿನ ಬದಿಯ ನಾಲ್ಕಂಕಿ ಓದಿ, ವಾರ ಮತ್ತು ವರ್ಷ. ಹತ್ತು ವರ್ಷ ದಾಟಿದ್ದರೆ ಟೈರಿನ ಕೊರೆತ ಎಷ್ಟೇ ಆಳವಿರಲಿ, ಬದಲಿಸಿ.

500 ಕಿ.ಮೀ. ಓಡಿಸಿದ ಮೇಲೆ ಎಂಜಿನ್ ಎಣ್ಣೆ ಇಳಿಸಿ, ಫಿಲ್ಟರನ್ನು ಕತ್ತರಿಸಿ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ಹೊಳೆಯುವ ಚೂರುಗಳ ಬಳಿ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಕ್ಯಾಮ್, ಟ್ಯಾಪೆಟ್ ಅಥವಾ ಚೈನಿನದು. ಅಂಟದ ಕಂಚು, ತಾಮ್ರದ ಬಣ್ಣದ ಚೂರು ಬೇರಿಂಗಿನದು. ಒಂದೆರಡು ಪುಡಿ ಹೆದರಿಕೆಯಲ್ಲ. ಬೆರಳಿಗೆ ಮರಳಿನಂತೆ ಸಿಕ್ಕರೆ ಕಾರನ್ನು ಮತ್ತೆ ಓಡಿಸದೆ ಸಂಪ್ ಬಿಚ್ಚಿಸಿ. ಈ ಹಂತದಲ್ಲಿ ಬೇರಿಂಗ್ ಬದಲಿಸಿದರೆ ಕ್ರ್ಯಾಂಕ್ ಉಳಿಯುತ್ತದೆ, ಮೂಲ ನಂಬರಿನ ಬ್ಲಾಕೂ ಉಳಿಯುತ್ತದೆ.